ಮಾವನ ಕೆಂಪು ಬೆಳಕು

ಸೂರ್ಯನ ಮೇಲೆ ಸಿಟ್ಟು ಮಾಡಿಕೊಂಡ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ! ತಮಿಳುನಾಡಿನ ಸೇಲಂನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರು, ಮನೆ ಮೇಚೇರಿಯ ಹತ್ತಿರ. ತೊಂಬತ್ತರ ದಶಕದ ಆ ಬೇಸಿಗೆಗಳಲ್ಲಿ ಊರವರೆಲ್ಲ ಬಿಸಿಲು ಹೆಚ್ಚಾಯಿತೆಂದು ಬೈದರೆ, ಇವರು ಬಿಸಿಲು ದಂಡವಾಯಿತೆಂದು ಬೈಯುತ್ತಿದ್ದರು.

ಗಾಜಿನ ಚೂರಿಗೆ ಬಣ್ಣದಂಥ ಏನನ್ನೋ ಬಳಿದು ಬಿಸಿಲಿನಿಂದ ಕರೆಂಟು ತೆಗೆಯುವುದು ಅವರ ಹುಚ್ಚು. ಎಷ್ಟು ಕರೆಂಟು? ಮೀಟರಿನ ಮುಳ್ಳು ಕೊಂಚ ನಡುಗುವಷ್ಟು! ಅದೂ ನೀಲಿ ಬೆಳಕಿಗೆ ಮಾತ್ರ. ಬಲ ಸಾಲದ ಕೆಂಪು ಬೆಳಕು ಗಾಜನ್ನು ತೂರಿ ಸುಮ್ಮನೆ ಹೋಗಿಬಿಡುತ್ತಿತ್ತು.

"ಎರಡು ಕೆಂಪು ಸೇರ್ಸಿ ಒಂದು ನೀಲಿ ಮಾಡ್ಬೇಕು ಕಣೇ," ಎಂದು ಮಾವ ಊಟಕ್ಕೆ ಕೂತಾಗ ಅತ್ತೆಗೆ ವಿವರಿಸಿದರು.

"ಎರಡು ಬಡಕಲು ಕುರಿ ಕೊಟ್ಟು ಒಂದು ಕೊಬ್ಬಿದ ಕುರಿ ತಕ್ಕೊಂಡಂಗಾ?"

"ಕರೆಕ್ಟಾ ಏಳ್ದೆ!"

"ಓದ ಸಂತೇಲಿ ಎರಡು ಕೊಬ್ಬಿದ್ದು ಕೊಟ್ಟು ಒಂದು ಬಡಕಲು ತಂದೋರು ನೀವು. ನಿಮ್ ಕೈಲಿ ಇದು ಆಯ್ತದಾ, ಏನ್ರೀ?"

ಪರೀಕ್ಷೆಗೆ ಬರೀ ಕೆಂಪು ಬೆಳಕು ಬೇಕಲ್ಲ? ಮಾವ ಲಾರಿಗಳ ಊರಾದ ಶಂಕಗಿರಿಗೆ ಹೋಗಿ, ನಿಂತಿದ್ದ ಲಾರಿಯ ಹಿಂದಿನ ಕೆಂಪು ದೀಪವನ್ನು ಸವರುತ್ತಾ ನಿಂತರು. ಡ್ರೈವರ್ ಕಳ್ಳನೆಂದು ಕೊರಳಪಟ್ಟಿ ಹಿಡಿದ. ಮಾವ ಅವನಿಗೂ ಪಾಠ ಶುರುಮಾಡಿದರು! ಕೊನೆಗೆ ಅವನೇ ದೀಪದ ಗಾಜು ಬಿಚ್ಚಿ ಕೈಗಿಟ್ಟ. "ಸಾಮಿ, ಎತ್ಕೊಂಡು ಓಗಿ. ನಾನು ಓಸೂರು ಸೇರ್ಬೇಕು!"

ಅಂತೂ ಒಂದು ಮಧ್ಯಾಹ್ನ ನೆಂಟರೆಲ್ಲ ಅಂಗಳದಲ್ಲಿ ನೆರೆದೆವು. ಕೆಂಪು ಗಾಜಿನ ಕೆಳಗೆ ಮಾವ ಬಣ್ಣ ಬಳಿದ ಗಾಜು, ಅಂದರೆ ಸೆಲ್ಲು, ಅದರ ಹಿಂದೆ ಕೆಂಪನ್ನು ನೀಲಿ ಮಾಡುವ ಹೊಸ ಲೇಪ. ಸ್ಟ್ಯಾಂಡ್ ಮುರಿದಿದ್ದರಿಂದ ಎಲ್ಲವನ್ನೂ ಅತ್ತೆಯೇ ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಮಾವ ಮೀಟರಿಗೆ ಮೂಗು ತಗಲಿಸಿ ಕುಕ್ಕರಗಾಲಲ್ಲಿ ಕೂತರು. ಬಹಳ ಹೊತ್ತಾಯಿತು. ಮುಳ್ಳು ಸತ್ತಂತೆ ಬಿದ್ದಿತ್ತು.

"ಸೂರ್ಯನಿಗೆ ಇವತ್ತು ಲೀವಾ?" ಎಂದರು ಯಾರೋ. ಎಲ್ಲರೂ ಗೊಳ್ಳೆಂದು ನಕ್ಕೆವು.

"ಯಾಕ್ ನಗ್ತೀರಿ?" ಅತ್ತೆ ತಿರುಗಿಬಿದ್ದರು. "ಅಲ್ಲಾಡ್ತು! ನಾ ಕಣ್ಣಾರೆ ಕಂಡೆ!"

ಮಾವ ತಲೆಯೆತ್ತಿದರು. ಅತ್ತೆ ನಿಂತಲ್ಲಿಂದ ಮೀಟರು ಕಾಣುವಂತೆಯೇ ಇರಲಿಲ್ಲ. ಅಂಗಳದ ಕಾದ ಚಪ್ಪಡಿಯ ಮೇಲೆ ಬರಿಗಾಲಲ್ಲಿ ನಿಂತು, ಒಮ್ಮೆ ಈ ಕಾಲು ಒಮ್ಮೆ ಆ ಕಾಲು ಎತ್ತುತ್ತಿದ್ದರು. ಕೈ ಮಾತ್ರ ಕದಲಿರಲಿಲ್ಲ.

ಮಾವ ಎದ್ದು ಆ ಗಾಜನ್ನೆಲ್ಲ ಅವರ ಕೈಯಿಂದ ತೆಗೆದುಕೊಂಡರು. ತಮ್ಮ ಚಪ್ಪಲಿ ಬಿಚ್ಚಿ ಅತ್ತೆಯ ಕಾಲಿನ ಮುಂದೆ ಇಟ್ಟರು.

"ಅಲ್ಲಾಡ್ಲಿಲ್ಲ ಕಣೇ," ಎಂದರು ಮೆಲ್ಲಗೆ. "ಬಾ, ಒಳಗೋಗಾಣ. ಬಿಸಿಲು ಜಾಸ್ತಿ ಐತೆ."