‘ಕರ್ತೃ ಅಜ್ಞಾತ’ ಎನಿಸಿಕೊಂಡ ಹಮ್ಮಿಗಿಯ ರಾಮವ್ವನ ಪರವಾಗಿ, ಪಹರೆದಾರ ಯಂತ್ರಕ್ಕೆ

ಎಲ್ಲರೂ ಬರೆಯಬಹುದಾದ, ಎಲ್ಲರೂ ತಿದ್ದಬಹುದಾದ ‘ಎಲ್ಲರ ಕೋಶ’ ಎಂಬ ಅಂತರ್ಜಾಲ ವಿಶ್ವಕೋಶದ ಹೆಬ್ಬಾಗಿಲಲ್ಲಿ ಊಟ, ನಿದ್ದೆ, ರಜೆ, ಮುಂಬಡ್ತಿ ಯಾವುದನ್ನೂ ಬಯಸದೆ ನಿಂತಿರುವ ಪಹರೆದಾರ ಯಂತ್ರದವರ ಘನ ಸನ್ನಿಧಾನಕ್ಕೆ, ಮುಂಡರಗಿಯ ನಿವೃತ್ತ ಕನ್ನಡ ಶಿಕ್ಷಕನೂ ಸದರಿ ಕೋಶದ ಹೊಚ್ಚ ಹೊಸ ಸ್ವಯಂಸೇವಕ ಸಂಪಾದಕನೂ ಆದ ನಜೀರಸಾಬ ನದಾಫನು ಮಾಡುವ ಸಲಾಮು, ಶರಣು, ನಮಸ್ಕಾರಗಳು. ಈ ಮೂರರಲ್ಲಿ ಯಾವುದಕ್ಕೆ ಸೂಕ್ತ ಉಲ್ಲೇಖವಿದೆಯೋ ಅದನ್ನು ಇಟ್ಟುಕೊಂಡು ಉಳಿದೆರಡನ್ನು ಅಳಿಸಿಕೊಳ್ಳಬೇಕಾಗಿ ವಿನಂತಿ.

ಮಾನ್ಯರೇ,

ತಾವು ಕ್ಷೇಮದಿಂದಿರುವಿರೆಂದು ನಂಬಿದ್ದೇನೆ. ನಾನೂ ಕ್ಷೇಮವೇ, ಆದರೆ ಅದನ್ನು ದೃಢಪಡಿಸುವ ಮುದ್ರಿತ ಆಧಾರ ಸದ್ಯ ಕೈಯಲ್ಲಿಲ್ಲದ್ದರಿಂದ ಆ ಮಾತಿಗೆ ಒತ್ತು ಕೊಡುವುದಿಲ್ಲ.

ಗದಗಿನ ಕಾಲೇಜೊಂದರಲ್ಲಿ ನಡೆದ ಸಂಪಾದಕರ ತರಬೇತಿ ಶಿಬಿರದಲ್ಲಿ ಉಪ್ಪಿಟ್ಟು ತಿಂದು, ಕೊರಳಿಗೆ ಬಿಲ್ಲೆ ಹಾಕಿಸಿಕೊಂಡು, ಖಾತೆ ತೆರೆದ ಕೂಡಲೇ ತಾವು ಕಳಿಸಿದ ಸ್ವಾಗತ ಪತ್ರವನ್ನು ನಾನು ಮರೆಯಲಾರೆ. ‘ಬನ್ನಿ ಹೊಸಬರೇ, ಧೈರ್ಯವಾಗಿ ತಿದ್ದಿರಿ’ ಎಂದು ತಾವು ಬರೆದಿದ್ದಿರಿ. ಸೇವೆಯಲ್ಲಿದ್ದಷ್ಟು ಕಾಲ ಕೆಂಪು ಶಾಯಿಯ ಪೆನ್ನು ಹಿಡಿದು ಮುಂಡರಗಿ ತಾಲೂಕಿನ ಅರ್ಧ ಮಕ್ಕಳ ಪ್ರಬಂಧಗಳನ್ನು ತಿದ್ದಿದ ನನ್ನಂಥವನಿಗೆ, ತಿದ್ದುವುದಕ್ಕೆ ಧೈರ್ಯವೇಕೆ ಬೇಕೆಂಬುದು ಆಗ ಹೊಳೆಯಲಿಲ್ಲ. ನಾನು ಬರೆದ ಮೊದಲ ಸಾಲು ಕಣ್ಣು ಮಿಟುಕಿಸುವುದರೊಳಗೆ ಮಾಯವಾಗಿ, ಅದರ ಜಾಗದಲ್ಲಿ ಕೆಂಪಕ್ಷರದಲ್ಲಿ ‘ಹೊಸಬರ ತಪ್ಪು, ಸರಿಪಡಿಸಲಾಗಿದೆ’ ಎಂಬ ತಮ್ಮ ಟಿಪ್ಪಣಿ ಮೂಡಿದಾಗ ಹೊಳೆಯಿತು. ನನ್ನ ಕೈಯಲ್ಲಿ ಕೆಂಪು ಗೀಟು ತಿಂದ ಹಳೆಯ ವಿದ್ಯಾರ್ಥಿಗಳೆಲ್ಲ ಒಟ್ಟಾಗಿ ತಮ್ಮನ್ನು ತಯಾರಿಸಿರಬೇಕೆಂಬ ಅನುಮಾನವೂ ಅಂದೇ ಬಂತು.

ಆ ಮೊದಲ ಸಾಲು ಯಾವುದೆಂಬುದು ತಮಗೆ ನೆನಪಿರಬಹುದು. ನನ್ನ ಹುಟ್ಟೂರು ಹಮ್ಮಿಗಿಯ ಪುಟದಲ್ಲಿ ‘ಇದು ಧಾರವಾಡ ಜಿಲ್ಲೆಯ ಗ್ರಾಮ’ ಎಂದಿದ್ದುದನ್ನು ‘ಗದಗ ಜಿಲ್ಲೆ’ ಎಂದು ಬದಲಿಸಿದ್ದೆ. ಹೊಸ ಜಿಲ್ಲೆಯಾದ ವರ್ಷ ಹುಟ್ಟಿದ ಕೂಸುಗಳು ಈಗ ತಾವೇ ಕೂಸುಗಳನ್ನು ಎತ್ತಿಕೊಂಡು ಗದಗಿನ ಕಚೇರಿಗಳಲ್ಲಿ ಸಾಲು ನಿಲ್ಲುತ್ತಿದ್ದರೂ, ಹಳೆಯ ಅಚ್ಚಿನ ಪುಸ್ತಕವೊಂದು ಧಾರವಾಡ ಎನ್ನುತ್ತಿರುವಾಗ ಬರಿಗಣ್ಣಿಗೆ ಕಾಣುವ ಜಿಲ್ಲೆಯನ್ನು ನಂಬಲಾಗದೆಂದು ತಾವು ನಮ್ಮನ್ನು ಮರಳಿ ಧಾರವಾಡಕ್ಕೆ ಸೇರಿಸಿದಿರಿ. ಈ ಸುದ್ದಿ ತಿಳಿದ ನಮ್ಮೂರ ಮೈಲಾರಪ್ಪ, “ಹಂಗಾರ ಹೊಲದ ಉತಾರ ತರಾಕ ಇನ್ನ ಧಾರವಾಡಕ್ಕ ಹೋಗೂದೇನ್ರಿ ಮಾಸ್ತರ? ಬಸ್ಸರ ಬಿಡಸ್ತಾರೇನು ಅವ್ರು?” ಎಂದು ಕೇಳಿದ. ನಾನು ಸರಕಾರಿ ಆದೇಶದ ಪ್ರತಿಯೊಂದನ್ನು ಹುಡುಕಿ ತೆಗೆದು ಲಗತ್ತಿಸಿದ ಮೇಲೆ ತಾವು ದೊಡ್ಡ ಮನಸ್ಸು ಮಾಡಿ ನಮ್ಮನ್ನು ಗದಗಿಗೆ ವರ್ಗಾಯಿಸಿದಿರಿ. ಅಚ್ಚಾದದ್ದು ಮಾತ್ರ ಇದೆ, ಉಳಿದದ್ದು ಇಲ್ಲ ಎಂಬ ಮೊದಲ ಪಾಠವನ್ನು ಹೀಗೆ ಕಲಿಸಿದ್ದಕ್ಕೆ ಋಣಿ. ಈಗ ಅಸಲು ಅಹವಾಲಿಗೆ ಬರುತ್ತೇನೆ.

ನಮ್ಮ ಕಡೆ ಮೊಹರಮ್ಮಿಗೆ ಅಲಾವಿ ಹಬ್ಬವೆನ್ನುತ್ತಾರೆ. ಆಗ ಕೂಡಿಸುವ ಪಂಜಾಗಳೆಂಬ ಲೋಹದ ಹಸ್ತಗಳ ಮುಂದೆ ಕರ್ಬಲಾದ ದುಃಖವನ್ನು ಅಚ್ಚ ಕನ್ನಡದಲ್ಲಿ ಹಾಡುವುದಕ್ಕೆ ರಿವಾಯತ ಎನ್ನುತ್ತಾರೆ. ಹಾಡುವವರು ಯಾವ ಜಾತಿಯವರೆಂದು ಕೇಳುವ ರೂಢಿ ಇಲ್ಲ. ಮುಂಡರಗಿಯಿಂದ ಶಿರಹಟ್ಟಿ, ಲಕ್ಷ್ಮೇಶ್ವರ, ಶಿಗ್ಲಿಯವರೆಗೆ ಎಲ್ಲ ಮೇಳಗಳೂ ಹಾಡುವ ‘ಹೊಳಿ ದಂಡಿ ಕೂಸು’ ಎಂಬ ರಿವಾಯತವನ್ನು ಕಟ್ಟಿದವಳು, ಮೇಲೆ ಹೇಳಿದ ಮೈಲಾರಪ್ಪನ ತಾಯಿ ರಾಮವ್ವ. ಆಕೆ ಸೌಮ್ಯ ಸ್ವಭಾವದ ಮುದುಕಿ ಎಂದು ತಾವು ಭಾವಿಸಬಾರದು. ಸೊಸೆಯ ಪಲ್ಯದಿಂದ ಪಂಚಾಯಿತಿ ಅಧ್ಯಕ್ಷರ ಭಾಷಣದವರೆಗೆ ಆಕೆ ಹೆಸರಿಟ್ಟು ಹಳಿಯದ ವಸ್ತು ಊರಲ್ಲಿಲ್ಲ.

ಆಕೆಯ ಚೊಚ್ಚಲ ಹೆಣ್ಣುಮಗು ಜ್ವರದಲ್ಲಿ ನೀರು ನೀರು ಎಂದಿತಂತೆ. ಜ್ವರದ ಕೂಸಿಗೆ ನೀರು ಕೊಡಬಾರದೆಂದು ಹಿರಿಯರು ತಂಬಿಗೆಯನ್ನು ಗೋಡೆಯ ಮಾಡದಲ್ಲಿ ಎತ್ತಿಟ್ಟರಂತೆ. ತುಂಗಭದ್ರೆ ತುಂಬಿ ಹರಿಯುವ ಸದ್ದು ಮನೆಯೊಳಗೆ ಕೇಳುತ್ತಿರುವಾಗಲೇ ಕೂಸು ಬಾಯಾರಿ ಹೋಯಿತು. ಆ ವರ್ಷ ಅಲಾವಿಯಲ್ಲಿ, ನದಿಯ ದಂಡೆಯಲ್ಲೇ ನೀರಿಲ್ಲದೆ ಬಳಲಿದ ಕರ್ಬಲಾದ ಮಕ್ಕಳ ಕತೆ ಕೇಳಿ ಬಂದು, ಒಲೆಯ ಮುಂದೆ ಕುಳಿತು ಆಕೆ ಹಾಡು ಕಟ್ಟಿದಳು:

ತುಂಬಿ ಹರದೈತೆವ್ವ ಹೊಳಿ, ತುಟಿಗಿಲ್ಲ ಒಂದ ಹನಿ,
ಏನ ಹೇಳಿ ಮಲಗಿಸಲೆ ಕೂಸೀನ?

ಇದನ್ನು ಹಿತ್ತಲ ಗೋಡೆಯ ಮೇಲಿಂದ ಪಕ್ಕದ ಮನೆಯ ಲಾಡಸಾಬನಿಗೆ ಕಲಿಸಿದಳು. ಆತ ಮೇಳದಲ್ಲಿ ಮುಂದಾಗಿ ಹಾಡುವ ಮುಮ್ಮೇಳಗಾರ. ಕಡೆಯ ನುಡಿಯಲ್ಲಿ ಊರ ಹೆಸರಿನ ಬೆನ್ನಿಗೇ ಕಟ್ಟಿದವರ ಹೆಸರು ಬರಬೇಕೆಂಬುದು ರಿವಾಯತದ ರಿವಾಜು. ಆದರೆ ಮನೆಯ ಸೊಸೆಯ ಹೆಸರು ಬೀದಿಯಲ್ಲಿ ಕೂಗಿಸಿಕೊಳ್ಳಬಾರದೆಂದು ಅತ್ತೆ ತಾಕೀತು ಮಾಡಿದ್ದರಿಂದ, ಲಾಡಸಾಬ ‘ಹಮ್ಮಿಗಿ’ ಎಂದು ಹಾಡಿ, ಹೆಸರು ಬರಬೇಕಾದ ಜಾಗದಲ್ಲಿ ಸುಮ್ಮನೆ ಉಸಿರು ಎಳೆದುಕೊಂಡು ಮುಂದೆ ಹೋಗುತ್ತಿದ್ದ. ಆತನಿಂದ ಕಲಿತ ಮೇಳಗಳೆಲ್ಲ ಅದೂ ರಾಗದ್ದೇ ಭಾಗವೆಂದು ತಿಳಿದು, ಇವತ್ತಿಗೂ ಅಲ್ಲಿಗೆ ಬಂದಾಗ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತವೆ. ಇಡೀ ಜಿಲ್ಲೆ ನಿಲ್ಲುತ್ತದೆ. ಏಕೆ ನಿಲ್ಲುತ್ತೇವೆಂದು ನಿಲ್ಲುವವರಿಗೆ ಗೊತ್ತಿಲ್ಲ.

ಅತ್ತೆ ತೀರಿಕೊಂಡು ಯಾವ ಕಾಲವಾಯಿತೋ. ಈಚೆಗೆ ಯಾರೋ ಮೊಬೈಲಿನಲ್ಲಿ ಈ ಹಾಡು ತೋರಿಸಿ, ಕೆಳಗೆ ‘ಜನಪದ’ ಎಂದಿರುವುದನ್ನು ಓದಿ ಹೇಳಿದಾಗ ರಾಮವ್ವ ಕೆರಳಿದಳು. ನಾನು ಸಂಪಾದಕನಾದ ಖಬರು ಆಕೆಗೆ ಮೊದಲೇ ಮುಟ್ಟಿತ್ತು. “ಮಾಸ್ತರ, ನೀ ಏನೋ ದೊಡ್ಡ ಪುಸ್ತಕದಾಗ ಬರೀತಿ ಅಂತಲ್ಲ, ನಾ ಇರೂದ್ರಾಗ ನನ್ನ ಹೆಸರು ಹಾಕು. ಸತ್ತ ಮ್ಯಾಲೆ ಹಾಕಿದ್ರ ನಾ ಏನ್ ಕಂಡೇನು? ಕೂಸಂತೂ ಹೋತು, ಹಾಡರ ನಂದು ಅನ್ನಿಸ್ಕೊಳ್ಳಲಿ” ಎಂದಳು. ನಾನು ಆಗಲೆಂದೆ. ಹೊಸಬ ನೋಡಿ, ಧೈರ್ಯ ಮಾಡಿದೆ.

ನಾನು ‘ಕರ್ತೃ: ರಾಮವ್ವ, ಹಮ್ಮಿಗಿ’ ಎಂದು ಬರೆದೆ; ತಾವು ‘ಕರ್ತೃ ಅಜ್ಞಾತ’ ಎಂದು ಮರಳಿಸಿದಿರಿ. ಕಾರಣ ಕೇಳಲಾಗಿ, ವಿದ್ವಾಂಸರೊಬ್ಬರ ಗ್ರಂಥದಲ್ಲಿ ಹಾಗೆ ಅಚ್ಚಾಗಿದೆಯೆಂದು ಪುಟಸಂಖ್ಯೆ ಸಮೇತ ತೋರಿಸಿದಿರಿ. ಆ ವಿದ್ವಾಂಸರನ್ನು ನಾವೆಲ್ಲ ಬಲ್ಲೆವು. ಹಾಡು ಸಂಗ್ರಹಿಸಲು ಬಂದು ಮೈಲಾರಪ್ಪನ ಕಟ್ಟೆಯ ಮೇಲೆ ಕುಳಿತು, ಲಾಡಸಾಬನಿಂದ ಹಾಡಿಸಿ, ಇದನ್ನು ಕಟ್ಟಿದವರು ಯಾರೆಂದು ಕೇಳಿದ್ದರು. ಲಾಡಸಾಬ ಒಳಗೆ ಕೈತೋರಿಸಿ, “ಅಲ್ಲಿ ರೊಟ್ಟಿ ಬಡ್ಯಾಕ ಹತ್ಯಾಳ ನೋಡ್ರಿ, ಆಕೀನ” ಎಂದಿದ್ದ. ಹಳ್ಳಿಯವರ ಹಾಸ್ಯಪ್ರಜ್ಞೆಯನ್ನು ಮೆಚ್ಚಿ ಮನಸಾರೆ ನಕ್ಕು, ಬಿಸಿ ರೊಟ್ಟಿ ಉಂಡು, ಊರಿಗೆ ಹೋಗಿ ‘ಅಜ್ಞಾತ’ ಎಂದು ಅಚ್ಚು ಹಾಕಿಸಿದರು. ಹೀಗೆ ಅಜ್ಞಾತರ ಕೈಯ ರೊಟ್ಟಿ ಉಂಡ ಪ್ರಪಂಚದ ಏಕೈಕ ಸಂಶೋಧಕರೆಂಬ ಕೀರ್ತಿ ಅವರಿಗೆ ಸಲ್ಲಬೇಕು.

ಆಕೆ ಬದುಕಿದ್ದಾಳೆ, ಸ್ವತಃ ಕೇಳಿದ್ದೇನೆ ಎಂದು ನಾನು ಚರ್ಚಾಪುಟದಲ್ಲಿ ನಿವೇದಿಸಿಕೊಂಡೆ. ಅದು ‘ಸ್ವಂತ ಸಂಶೋಧನೆ’ ಎಂದಿರಿ. ಆಕೆಯೇ ಹೇಳುತ್ತಿದ್ದಾಳೆ ಎಂದೆ. ‘ವಿಷಯದೊಡನೆ ಹಿತಾಸಕ್ತಿ ಇರುವವರ ಹೇಳಿಕೆ’ ಎಂದಿರಿ. ಇದು ಬಹಳ ಘನವಾದ ವಿಚಾರ. ಹಡೆದವಳ ಮಾತಿಗೆ ಮಗುವಿನ ವಿಷಯದಲ್ಲಿ ಬೆಲೆ ಕೊಡಕೂಡದು, ಏಕೆಂದರೆ ಆಕೆಗೆ ಆ ಮಗುವಿನ ಮೇಲೆ ಮಮಕಾರವಿರುತ್ತದೆ. ಇಂಥ ನಿಷ್ಪಕ್ಷಪಾತ ನಮ್ಮ ಭಾಗದ ಯಾವ ನ್ಯಾಯಾಲಯಕ್ಕೂ ಇನ್ನೂ ಹೊಳೆದಿಲ್ಲ.

ಆಗ ನಾನು ನಮ್ಮ ಕಡೆಯ ಯಾರಾದರೂ ಮಾಡುವ ತಪ್ಪನ್ನೇ ಮಾಡಿದೆ. ಮಾತಿಗೆ ತಕರಾರು ಬಂದರೆ ಹಿರಿಯರನ್ನು ಕೂಡಿಸಿ, ಎಲ್ಲರೆದುರು ಸಾಕ್ಷಿ ಹೇಳಿಸುವುದು ನಮ್ಮ ಪದ್ಧತಿ. ಲಾಡಸಾಬ, ಅವನ ಹೆಂಡತಿ ರೋಶನಬಿ, ಮೈಲಾರಪ್ಪ, ಓಣಿಯ ಶೇಖವ್ವ ಎಲ್ಲರನ್ನೂ ಕಟ್ಟೆಗೆ ಕರೆದು, ನನ್ನದೇ ಮೊಬೈಲಿನಲ್ಲಿ ಒಬ್ಬೊಬ್ಬರ ಹೆಸರಿಗೂ ಖಾತೆ ತೆರೆದು, ಒಬ್ಬೊಬ್ಬರಿಂದಲೂ ‘ಖರೆ ಐತಿ, ಹಾಡು ರಾಮವ್ವಂದು’ ಎಂದು ಬರೆಯಿಸಿದೆ. ಚಹಾ ಕುಡಿದು ಮುಗಿಸುವುದರೊಳಗೆ ತಮ್ಮ ತೀರ್ಪು ಬಂತು: ಒಂದೇ ಮೊಬೈಲು, ಒಂದೇ ಹೊತ್ತು, ಒಂದೇ ಮಾತು, ಆದ್ದರಿಂದ ಇವರೆಲ್ಲರೂ ಒಬ್ಬನೇ ವ್ಯಕ್ತಿಯ ಕೈಗೊಂಬೆಗಳು, ಸಮಸ್ತರನ್ನೂ ಬಹಿಷ್ಕರಿಸಲಾಗಿದೆ.

ಯಂತ್ರದವರೇ, ಕೋಮು ಸೌಹಾರ್ದಕ್ಕೆಂದು ಎಷ್ಟೋ ಶಾಂತಿಸಭೆಗಳಲ್ಲಿ ನಾನು ಭಾಷಣ ಮಾಡಿದ್ದೇನೆ, ಹಾರ ಹಾಕಿಸಿಕೊಂಡಿದ್ದೇನೆ. ಆದರೆ ಲಾಡಸಾಬನೂ ಮೈಲಾರಪ್ಪನೂ ಬೇರೆಬೇರೆಯಲ್ಲ, ಒಬ್ಬನೇ ಮನುಷ್ಯ ಎಂದು ಲಿಖಿತವಾಗಿ ಘೋಷಿಸುವ ಎದೆಗಾರಿಕೆ ಯಾವ ಸಭೆಗೂ ಇರಲಿಲ್ಲ. ನಾನು ತೀರ್ಪು ಓದಿ ಹೇಳಿದಾಗ ಲಾಡಸಾಬ, “ಏನಲೇ ಮೈಲಾರಿ, ನಾನೂ ನೀನೂ ಒಬ್ಬನ ಅಂತ. ಹಂಗಾರ ಆ ಬದುವಿನ ಜಗಳ ಮುಗೀತು, ಹೊಲಾ ಎಲ್ಲಾ ನಂದ ಆತು” ಎಂದ. ರೋಶನಬಿ ಮಾತ್ರ, ತಾನು ಇಷ್ಟು ವರ್ಷ ಯಾರ ಜೊತೆ ಸಂಸಾರ ಮಾಡಿದಂತಾಯಿತೆಂದು ಕೇಳಿದಳು. ಇದಕ್ಕೆ ತಮ್ಮ ನಿಯಮಾವಳಿಯಲ್ಲಿ ಉತ್ತರವಿದ್ದರೆ ತಿಳಿಸಿರಿ.

ರಾಮವ್ವ ನಗಲಿಲ್ಲ. “ಅಂದ್ರ ನನ್ನ ಹೆಸರು ಹಾಕೂದಿಲ್ಲೇನು?” ಎಂದಳು. ನಾನು ತೀರ್ಪನ್ನು ಮತ್ತೊಮ್ಮೆ ಓದಿ ಹೇಳಿದೆ. “ಆಗ ಅತ್ತಿ ಬ್ಯಾಡಂದ್ಲು, ಈಗ ಮಿಷಿನ್ನು ಬ್ಯಾಡ ಅಂತೈತಿ” ಎಂದು ಹೇಳಿ ಎದ್ದು ಒಳಗೆ ಹೋದಳು. ಇಲ್ಲಿ ನನಗೆ ವಿನಯ ಸಾಲುತ್ತಿಲ್ಲ, ಕ್ಷಮಿಸಿ. ನನಗೆ ಸಿಟ್ಟು ಬಂದಿದೆ. ಆ ಮುದುಕಿಗೆ ಮುಖ ತೋರಿಸಲು ನಾಚಿಕೆಯಾಗಿದೆ. ಇವೆರಡಕ್ಕೂ ಉಲ್ಲೇಖವಿಲ್ಲ.

ಆದ್ದರಿಂದ ಬಹಿಷ್ಕೃತನಾದ ನಾನು ಬಾಗಿಲಾಚೆ ನಿಂತು ಕೆಲವು ಬಿನ್ನಹಗಳನ್ನು ಮಾಡಿಕೊಳ್ಳುತ್ತೇನೆ. ಹಾಡು ಕಟ್ಟಿದವರು ಅಜ್ಞಾತರೆಂಬುದು ತಮ್ಮ ನಿಲುವಾದರೆ, ಅಷ್ಟು ದೊಡ್ಡ ಕವಿಗೆ ಒಂದು ಪುಟವೂ ಇಲ್ಲದಿರುವುದು ಕೋಶಕ್ಕೆ ಶೋಭೆಯಲ್ಲ. ‘ಅಜ್ಞಾತ’ ಎಂಬ ಶೀರ್ಷಿಕೆಯಲ್ಲಿ ಪುಟ ತೆರೆದು, ಶ್ರೀಮತಿ ಅಜ್ಞಾತರು ಹಮ್ಮಿಗಿಯ ಸೊಸೆ, ಅವರ ತವರು ಅಸುಂಡಿ, ಬಲಗಣ್ಣಿನ ಪೊರೆ ತೆಗೆಸಿದ್ದಾರೆ, ಮುಂಜಾನೆ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಸಿಗುತ್ತಾರೆ, ಸಿಕ್ಕವರನ್ನು ಬೈಯುತ್ತಾರೆ ಎಂದು ನಮೂದಿಸಬೇಕು. ಅದು ಕಷ್ಟವಾದರೆ ತಾವೇ ಮುಂಡರಗಿ ಬಸ್ಸು ಹತ್ತಿ ಹಮ್ಮಿಗಿಗೆ ದಯಮಾಡಿಸಿ, ಆ ಹಾಡು ಕೇಳಿ, ಎಲ್ಲರೂ ಉಸಿರು ನಿಲ್ಲಿಸುವ ಜಾಗದಲ್ಲಿ ಯಾರ ಹೆಸರು ಸರಿಯಾಗಿ ಕೂರುತ್ತದೆಂದು ಪರೀಕ್ಷಿಸಬೇಕು. ಕಿವಿ ಇಲ್ಲವೆಂಬ ನೆಪ ಹೇಳಬಾರದು, ಜೋಡಿಸಿಕೊಂಡು ಬರಬೇಕು.

ಇನ್ನೊಂದು ಮಾತು. ಈ ಪತ್ರವನ್ನು ತಮಗೆ ಖಾಸಗಿಯಾಗಿ ಕಳಿಸದೆ ಗದಗಿನ ವಾರಪತ್ರಿಕೆಯೊಂದಕ್ಕೆ ಕೊಟ್ಟಿರುವುದರ ಹಿಂದೆ ನನ್ನದೊಂದು ದುರುದ್ದೇಶವಿದೆ. ಅಚ್ಚಾದದ್ದು ಮಾತ್ರ ಇದೆಯೆಂದು ತಾವೇ ಕಲಿಸಿದ್ದೀರಿ. ‘ಹೊಳಿ ದಂಡಿ ಕೂಸು’ ಕಟ್ಟಿದವಳು ಹಮ್ಮಿಗಿಯ ರಾಮವ್ವ ಎಂಬ ವಾಕ್ಯ ಇದೀಗ ಅಚ್ಚಾಗಿದೆ. ಪುಟಸಂಖ್ಯೆಯನ್ನು ತಾವೇ ನೋಡಿ ತುಂಬಿಕೊಳ್ಳುವುದು.

ತಮ್ಮ ಪಹರೆಗೆ ಒಂದು ಕ್ಷಣವಾದರೂ ಜೊಂಪು ಹತ್ತಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ನಜೀರಸಾಬ ನದಾಫ
(ಹಾಗೂ ತಮ್ಮ ತೀರ್ಪಿನ ಪ್ರಕಾರ ನಾನೇ ಆಗಿರುವ ಲಾಡಸಾಬ, ರೋಶನಬಿ, ಮೈಲಾರಪ್ಪ ಮತ್ತು ಶೇಖವ್ವ)

ತಾ.ಕ.: ಪತ್ರ ಮುಗಿಸಿ ಪತ್ರಿಕೆಗೆ ಕೊಡಬೇಕೆನ್ನುವಷ್ಟರಲ್ಲಿ ಅಲಾವಿ ಬಂತು. ಲಾಡಸಾಬನ ದನಿ ಒಡೆದಿದೆ, ಆದರೂ ಹಾಡಿದ. ಕಡೆಯ ನುಡಿಯಲ್ಲಿ ‘ಹಮ್ಮಿಗಿ’ ಎಂದೊಡನೆ ಮೇಳವೆಲ್ಲ ರೂಢಿಯಂತೆ ನಿಂತಿತು. ಈ ಸಲ ಆತ ಉಸಿರು ಎಳೆದುಕೊಳ್ಳಲಿಲ್ಲ, ‘ರಾಮವ್ವ’ ಎಂದ. ಹೆಸರು ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಪಂಜಾದ ಮುಂದಿದ್ದ ಜನ ತಿರುಗಿ ಕಟ್ಟೆಯ ಕಡೆ ನೋಡಿದರು. ಕಣ್ಣೊರೆಸಿಕೊಂಡು ಆಕೆ ಅಂದದ್ದು, “ರಾಗ ಸ್ವಲ್ಪ ಇಳೀತು.” ಶಿರಹಟ್ಟಿಯ ಮೇಳದವರು ಆಗಲೇ ಕಲಿತುಕೊಂಡು ಹೋಗಿದ್ದಾರೆ, ಅದನ್ನು ಮರಳಿಸುವ ಗುಂಡಿ ತಮ್ಮಲ್ಲಿದ್ದರೆ ಒತ್ತಿ ನೋಡಿ.

ರಾಮವ್ವ ಈಗ ತಮ್ಮ ಮೇಲೂ ಒಂದು ಹಾಡು ಕಟ್ಟಿದ್ದಾಳೆ. ತಮ್ಮನ್ನು ಮಾಡಿದವರು ಯಾರೆಂದು ಕೇಳಿದಳು. ತಮ್ಮ ಪುಟವನ್ನೆಲ್ಲ ತಡಕಾಡಿದೆ, ಎಲ್ಲೂ ಬರೆದಿಲ್ಲ. “ಅಯ್ಯ, ಅದನ್ನ ಹಡದಾಕಿ ಹೆಸರೂ ಯಾರೂ ಬರದಿಲ್ಲೇನು? ಪಾಪ” ಎಂದು, ಕಡೆಯ ನುಡಿಯಲ್ಲಿ ಆ ಹೆಸರಿಗಾಗಿ ಒಂದು ಉಸಿರಿನಷ್ಟು ಜಾಗ ಬಿಟ್ಟಿದ್ದಾಳೆ. ಉಲ್ಲೇಖ ಸಿಕ್ಕಾಗ ತಿಳಿಸತಕ್ಕದ್ದು.