ಹಿಂದಕ್ಕೆ ಬರುವ ಬಾಣ

ಒಂದು ಮಾತು ಹೇಳುತ್ತೇನೆ, ಕೇಳುವುದು ಬಿಡುವುದು ನಿಮಗೆ ಸೇರಿದ್ದು: ಮನಸ್ಸಿಗೆ ಬಂದ ಮಾಲನ್ನು ಎಂದೂ ಬಾಯಿ ತುಂಬ ಹೊಗಳಬೇಡಿ. ಬೇಡವಾದದ್ದನ್ನು ಹೊಗಳಿ, ಖರ್ಚಿಲ್ಲ. ಐಬು ಹುಡುಕುವುದು ಬೇಕಾದದ್ದರಲ್ಲಿ ಮಾತ್ರ. ಸಿಂದಗಿಯಲ್ಲಿ ಹಳೆಯ ಬಾಗಿಲು, ಕಿಟಕಿ, ಚೌಕಟ್ಟು ಮಾರುವ ನಾನು ಇದೊಂದೇ ವಿದ್ಯೆಯಿಂದ ಮೇಲೆ ಬಂದವನು. ಆಲಮಟ್ಟಿ ಹಿನ್ನೀರಿಗೆ ಹೋದ ಊರುಗಳ ಬಾಗಿಲು ಹೊತ್ತು ತಂದು ಶುರು ಮಾಡಿದ ದಂಧೆ. ಸಾಗವಾನಿ ಬಾಗಿಲನ್ನು ಬಡಿದು, ಮೂಸಿ, ಮುಖ ಸಿಂಡರಿಸಿ, ಆದರೆ ಹಿಡಿದ ಕೈ ಬಿಡದೆ ನಿಲ್ಲುವುದರಲ್ಲಿ ನನ್ನನ್ನು ಮೀರಿಸುವವರು ಮುದ್ದೇಬಿಹಾಳದವರೆಗೂ ಇಲ್ಲ.

ಹಾಗಾಗಿ ಮಗಳು ಶೈಲಾ ಅಳುಮೋರೆ ಹಾಕಿಕೊಂಡು ಬಂದಾಗ ನನಗೆ ಹುರುಪೇ ಬಂತು. ಅವಳು ಪಿಎಚ್‌ಡಿ ಮಾಡುತ್ತಿರುವುದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನಲ್ಲಿ, ಅಂದರೆ ದೊಡ್ಡ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಮುಗಿಸುವ ಶಾಸ್ತ್ರದಲ್ಲಿ. ಆ ಶಾಸ್ತ್ರಕ್ಕೆ ಬುನಾದಿ ಹಾಕಿದ ಹಳೆಯ ಸಂಶೋಧನೆಗಳ ಮೇಲೆ ಅವಳು ಬರೆದ ಅಧ್ಯಾಯವನ್ನು ಗೈಡು ವಾಪಸು ಕೊಟ್ಟಿದ್ದರು.

“ಬರೇ ಹೊಗಳಿ ಇಟ್ಟೀಯಲ್ಲ, ವಿಮರ್ಶೆ ಎಲ್ಲೈತಿ ಅಂದ್ರಪ್ಪಾ. ಸೋಮವಾರದೊಳಗ ತಿದ್ದಿ ಕೊಡದಿದ್ರ ಈ ವರ್ಷ ಪ್ರಬಂಧ ಮುಂದ ಹೋಗಂಗಿಲ್ಲ.”

“ಅಷ್ಟ ಹೌದಿಲ್ಲೋ? ಮಾಲ್ ತೋರಿಸು. ಐಬು ನಾ ತಗೀತೇನಿ.”

ಅವಳು ಬಿಡಿಸಿ ಹೇಳಿದಳು. ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಕೆಲಸಗಳಾಗಿ ಒಡೆಯಬೇಕು; ಒಂದರಿಂದ ಇನ್ನೊಂದಕ್ಕೆ ಬಾಣ ಎಳೆಯಬೇಕು; ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಸಾಲು ಯಾವುದೋ ಅದೇ ಕೆಲಸ ಮುಗಿಯುವ ದಿನವನ್ನು ನಿರ್ಧರಿಸುತ್ತದೆ; ಉಳಿದವು ತುಸು ತಡವಾದರೂ ನಷ್ಟವಿಲ್ಲ. ನಾನು ಒಳಗೊಳಗೇ ದಂಗಾದೆ. ಮನೆ ಕಟ್ಟಿಸುವಾಗ ಗಾರೆ ಕೆಲಸದ ಗೌಂಡಿ, ಬಡಗಿ ಎಲ್ಲರನ್ನೂ ಸಮಾನವಾಗಿ ಬೈದಿದ್ದೆನಲ್ಲ, ಅರ್ಧ ಬೈಗುಳ ವ್ಯರ್ಥ! ಆದರೂ ಮುಖದಲ್ಲಿ ತೋರಿಸಿಕೊಳ್ಳದೆ ಕೇಳಿದೆ:

“ಆ ಉದ್ದನ್ನ ಸಾಲಿನ ಗೌಂಡಿಗೆ ನಾಕು ಕಾಸು ಹೆಚ್ಚು ಕೊಟ್ರ?”

“ಅದನ್ನೂ ಬರದಾರ. ಎಷ್ಟು ಖರ್ಚು ಮಾಡಿದ್ರ ಎಷ್ಟು ಲಗೂ ಆಗತೈತಿ ಅಂತ.”

“ಗೌಂಡಿ ಬರಲೇ ಇಲ್ಲ ಅಂದ್ರ?”

“ಅದಕ್ಕ ಮೂರು ಅಂದಾಜು ಇಟ್ಟಾರಪ್ಪಾ. ಎಲ್ಲಾ ಚೊಲೋ ಆದ್ರ ಒಂದು, ಎಲ್ಲಾ ಕೆಟ್ರ ಒಂದು, ನಡುವಿಂದು ಒಂದು.”

ಗಿರಾಕಿ ಬಾಯಿ ತೆರೆಯುವ ಮೊದಲೇ ಉತ್ತರ ಸಿದ್ಧವಿಟ್ಟ ವ್ಯಾಪಾರಿಗಳನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. “ಶೈಲಾ, ಇಂಥಾ ಮಾಲ್ ಹೇಳಿದ ರೇಟಿಗೆ ತಗೋಬೇಕವಾ” ಎಂದು ಕೈಚೆಲ್ಲಿದೆ.

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. “ಮದಲ ಅಕಿ ಓದೂ ಖೋಲಿಗೆ ಬಾಗಿಲಾ ಕೂಡಸ್ರಿ. ಈ ಗದ್ದಲದಾಗ ಹುಡುಗಿ ಏನು ಬರೀಬೇಕು?”

ಅಂಗಡಿಯ ಮೇಲೆ ಮಹಡಿಯಲ್ಲಿರುವ ಆ ಖೋಲಿಯ ಗೋಡೆಗೆ ಗಿಲಾವು, ಬಣ್ಣ ಎಲ್ಲ ಆಗಿದೆ. ಬಾಗಿಲನ್ನೂ ಹಲವು ಸಲ ಕೂಡಿಸಿದ್ದೇನೆ. ಏನು ಮಾಡುವುದು, ಕೂಡಿಸಿದ ಬಾಗಿಲಿಗೆ ಒಂದು ಕಳೆ ಬರುತ್ತದೆ. ಕಂಡ ಗಿರಾಕಿ ಒಳ್ಳೆಯ ಬೆಲೆ ಹೇಳುತ್ತಾನೆ. ಬಿಚ್ಚಿಕೊಡುತ್ತೇನೆ.

ಶೈಲಾ ಜಿಗಿದೆದ್ದಳು. “ಅಪ್ಪಾ, ಐಬು ಸಿಕ್ತು! ಇವರ ಬಾಣ ಎಲ್ಲಾ ಮುಂದ ಹೋಗ್ತಾವ. ಮುಗದ ಕೆಲಸ ಮುಗೀತು ಅಂತ ತಿಳಕೊಂಡಾರ. ಹಿಂದಕ ಬರೂ ಬಾಣಾನ ಇಲ್ಲ!”

ನಾನು ಕೂಡಿಸಿ ಬಿಚ್ಚಿ ಮಾರುವ ಬಾಗಿಲನ್ನು ಉದಾಹರಣೆ ಕೊಟ್ಟು ಅದನ್ನೇ ಬರೆದಳು. ಅಧ್ಯಾಯ ಪಾಸಾಯಿತು. “ಉದಾಹರಣೆ ಭಾಳ ಚೊಲೋ ಐತಿ. ಇಂಥಾ ಮಾಲಕ ಖರೇನ ಅದಾನೇನು?” ಎಂದು ಗೈಡು ಫೋನಿನಲ್ಲಿ ಕೇಳಿದರಂತೆ. ನನ್ನನ್ನು ಕೇಳಿದರೆ ಆ ಹಳೆಯ ಸಂಶೋಧಕರ ಕೆಲಸದಲ್ಲಿ ಈಗಲೂ ಐಬಿಲ್ಲ. ನನ್ನಂಥವನೊಬ್ಬ ಇರಬಹುದೆಂದು ಅವರಾದರೂ ಹೇಗೆ ಊಹಿಸಿಯಾರು?

ನಾಚಿಕೆಯಾಗಿ ಈ ಹೊತ್ತು ಅಂಗಡಿಯಲ್ಲೇ ಉತ್ತಮವಾದ ಬಾಗಿಲನ್ನು ಮೇಲೆ ಹೊರಿಸಿ ಕೂಡಿಸಿದೆ. ಬಡಗಿ ಕೆಳಗಿಳಿಯುವಷ್ಟರಲ್ಲಿ ಇಂಡಿ ಊರಿನ ಗಿರಾಕಿಯೊಬ್ಬ ಅದರ ಬೆಲೆ ಕೇಳುತ್ತ ಮೆಟ್ಟಿಲು ಹತ್ತಿ ಬಂದ. ನಾನು ಒಳಗೆ ಸೇರಿ ಚಿಲಕ ಹಾಕಿಕೊಂಡೆ. ಇದನ್ನು ಬರೆಯುತ್ತಿರುವುದೂ ಒಳಗಿನಿಂದಲೇ. ಆತ ಹೊರಗೆ ನಿಂತು ಬೆಲೆ ಏರಿಸುತ್ತಲೇ ಇದ್ದಾನೆ. ಬಾಗಿಲು ಗಟ್ಟಿಯಾಗಿದೆ, ನನ್ನ ಬಗ್ಗೆ ಹೇಳಲಾರೆ.