ಅರವತ್ತೇಳೋ, ಅರವತ್ತೆಂಟೋ, ಅರವತ್ತೊಂಬತ್ತೋ?

ಎಲ್ಲ ರಗಳೆಗೂ ಮೂಲ ಒಂದು ಮಡಿಸುವ ಕುರ್ಚಿ. ಅಂಚೆ ಕೆಲಸದಿಂದ ನಿವೃತ್ತನಾದ ದಿನವೇ ವೆಂಡೆಲ್ ಅದನ್ನು ಕೊಂಡು ತಂದಿದ್ದ. ಹಾಕಲು ಮಾತ್ರ ಜಾಗವಿರಲಿಲ್ಲ.

ಓಹಾಯೋದ ಆ ಪುಟ್ಟ ಊರಿನಲ್ಲಿ ಪ್ರತಿ ಶನಿವಾರ ಹಳೆಯ ಕ್ಯಾಮರೋ ಕಾರುಗಳವರು ಪೇಟೆ ಬೀದಿಯಲ್ಲಿ ಸೇರುತ್ತಿದ್ದರು. ಅರವತ್ತೇಳರ ಮಾಡೆಲ್ಲಿನವರು ಬೇಕರಿ ಮುಂದೆ, ಅರವತ್ತೆಂಟರವರು ಕ್ಷೌರದಂಗಡಿ ಮುಂದೆ, ಅರವತ್ತೊಂಬತ್ತರವರು ಬ್ಯಾಂಕಿನ ಮುಂದೆ. ಬಾನೆಟ್ ಎತ್ತಿಟ್ಟು, ಕಾರಿನ ಹಿಂದೆ ಕುರ್ಚಿ ಹಾಕಿಕೊಂಡು ಸಂಜೆಯ ತನಕ ಹರಟೆ. ಕಾರಿಲ್ಲದವನಿಗೆ ಕುರ್ಚಿಯಿಲ್ಲ, ಇದು ಎಲ್ಲೂ ಬರೆದಿಡದ, ಆದರೆ ಯಾರೂ ಮೀರದ ಕಾನೂನು. ಮೂವತ್ತು ವರ್ಷ ಅದೇ ಬೀದಿಯಲ್ಲಿ ಕಾಗದ ಹಂಚಿದ ವೆಂಡೆಲ್‌ಗೆ ಅಲ್ಲಿನ ಪ್ರತಿ ನಾಯಿಯ ಹೆಸರೂ ಗೊತ್ತಿತ್ತು. ಆದರೂ ಅವನು ಫುಟ್‌ಪಾತಿನ ಮೇಲೆ ಕಾಫಿ ಹಿಡಿದು ನಿಂತೇ ಇರಬೇಕು. ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಆ ಶನಿವಾರ ಹೆಂಡತಿ ಡೋರೀನ್‌ಗೆ ನೋಡಿ ನೋಡಿ ಸಾಕಾಯಿತು. "ಹೋಗು, ಒಂದು ಕಾರು ತಗೊಂಡ್ ಬಾ. ಒಂದೇ ಮತ್ತೆ! ಅದು ಸರಿಯಿಲ್ಲ, ಇನ್ನೊಂದು ಬೇಕು ಅಂತ ಬಂದ್ರೆ ನೋಡು."

ಒಂದೇ ಎಂದಮೇಲೆ ಯಾವ ವರ್ಷದ್ದು? ವೆಂಡೆಲ್‌ಗೆ ಕುತೂಹಲ ಹುಟ್ಟುಗುಣ. ಪೋಸ್ಟ್‌ಕಾರ್ಡನ್ನು ಓದದೆ ಯಾರ ಕೈಗೂ ಕೊಟ್ಟವನಲ್ಲ. ಕುರ್ಚಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೇರ ಬೇಕರಿ ಮುಂದಿನ ಸಾಲಿಗೆ ಹೋಗಿ, ನಲ್ಲಿ ರಿಪೇರಿಯ ಗಸ್‌ನನ್ನು ಕೇಳಿದ.

"ಇದೂ ಒಂದು ಪ್ರಶ್ನೇನೇನಯ್ಯ? ಅರವತ್ತೇಳು!" ಗಸ್ ತನ್ನ ಕಾರಿನ ಬಾಗಿಲಿನ ಮೂಲೆಯಲ್ಲಿದ್ದ ತ್ರಿಕೋನದ ಕಿರುಗಾಜನ್ನು ತಿರುಗಿಸಿ ತೋರಿಸಿದ. "ಈ ಕಿಟಕಿ ಇದ್ದಿದ್ದು ಆ ಒಂದೇ ವರ್ಷ. ಗಾಳಿ ನೇರ ಮುಖಕ್ಕೆ ಹೊಡೆಯುತ್ತೆ. ಬಗ್ಗಿ ನೋಡು."

ವೆಂಡೆಲ್ ಬಗ್ಗಿದ. ಗಸ್ ಅದು ಎಷ್ಟು ಬಿಗಿಯಾಗಿ ಮುಚ್ಚುತ್ತದೆ ಎಂದೂ ತೋರಿಸಿದ. ನಡುವೆ ಸಿಕ್ಕಿಕೊಂಡ ವೆಂಡೆಲ್‌ನ ಮೂಗು ಊದಿ ಬದನೆಕಾಯಿಯಾಯಿತು.

"ಗಾಳಿಯಂತೆ ಗಾಳಿ!" ಎಂದ ಮುಂದಿನ ಸಾಲಿನ ಕ್ಷೌರಿಕ ಲೈಲ್. "ಸಿಳ್ಳೆ ಹೊಡೆಯುತ್ತೆ ಕಣೋ ಅದು. ಅದಕ್ಕೇ ಮರುವರ್ಷ ಕಿತ್ತಾಕಿದ್ರು. ನನ್ನ ಅರವತ್ತೆಂಟರ ಹಿಂದಿನ ದೀಪ ನೋಡು, ಎಷ್ಟು ಲಕ್ಷಣವಾಗಿದೆ! ಕಾರಿನ ಕೆಳಗೆ ಮಲಗಿ ನೋಡು, ಒಂದು ಹನಿ ಎಣ್ಣೆ ಸೋರಲ್ಲ."

ವೆಂಡೆಲ್ ಮಲಗಿ ನೋಡಿದ. ಒಂದಲ್ಲ, ಹತ್ತು ಹನಿ ಅವನ ಹೊಸ ಅಂಗಿಯ ಮೇಲೆ ಬಿದ್ದವು.

ಬ್ಯಾಂಕಿನ ಮುಂದೆ ಕೂತಿದ್ದ ವರ್ನಾ ಇಪ್ಪತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಮಕ್ಕಳನ್ನು ಗದರುವ ಆ ದನಿ ಇನ್ನೂ ಹಾಗೇ ಇತ್ತು. "ಅಯ್ಯೋ, ಏನಪ್ಪ ನಿನ್ನ ಅವತಾರ? ಆ ಇಬ್ಬರ ಮಾತು ಕಟ್ಕೊಂಡ್ಯಾ? ಅರವತ್ತೊಂಬತ್ತರ ಮೂತಿ ನೋಡು. ಕನ್ನಡೀಲಿ ಕಂಡ್ರೆ ಸಾಕು, ಮುಂದಿನವನು ತಾನಾಗೇ ದಾರಿ ಬಿಡ್ತಾನೆ."

ಮೂವರೂ ಜಗಳಕ್ಕೆ ಬಿದ್ದರು. ಊರಾಚೆಯ ಮುದುಕ ರೈತನೊಬ್ಬ ಹಳೇ ಕ್ಯಾಮರೋ ಮಾರುತ್ತಾನೆಂದು ಯಾರೋ ಹೇಳಿದ್ದೇ ತಡ, ವೆಂಡೆಲ್ ಮೋಸ ಹೋಗದಿರಲಿ ಎಂದು ಮೂವರೂ ಅವನ ಬೆನ್ನಿಗೆ ಹೊರಟರು.

ರೈತ ಕೊಟ್ಟಿಗೆಯಲ್ಲಿದ್ದ ಕಾರಿನ ಟಾರ್ಪಾಲು ಎಳೆದ.

"ತ್ರಿಕೋನದ ಗಾಜು! ಅರವತ್ತೇಳು!" ಎಂದ ಗಸ್.

"ಹಿಂದಿನ ದೀಪ ನೋಡೋ, ಕುರುಡ! ಅರವತ್ತೆಂಟು!" ಎಂದ ಲೈಲ್.

"ಇಬ್ಬರೂ ಮುಂದೆ ಬಂದು ಮೂತಿ ನೋಡ್ರಿ! ಅರವತ್ತೊಂಬತ್ತು!" ಎಂದಳು ವರ್ನಾ.

ರೈತ ತಲೆ ಕೆರೆದುಕೊಂಡ. "ನನ್ನ ಮಗ ಒಂದ್ಸಲ ಮುಂದೆ ಗುದ್ದಿದ, ಒಂದ್ಸಲ ಹಿಂದೆ ಗುದ್ದಿಸ್ಕೊಂಡ. ಗುಜರಿಯಲ್ಲಿ ಸಿಕ್ಕಿದ್ದು ತಂದು ಹಾಕ್ದೆ. ಓಡುತ್ತೆ."

ವೆಂಡೆಲ್‌ನ ಎದೆ ಹಿಗ್ಗಿತು. ಆರಿಸುವ ತಲೆನೋವೇ ಇಲ್ಲ! ಒಂದೇ ಕಾರು, ಮೂರು ಸಾಲಿನಲ್ಲೂ ಕುರ್ಚಿ. ಚೌಕಾಸಿ ಮಾಡದೆ ಹಣ ಎಣಿಸಿಕೊಟ್ಟ.

ಪೇಟೆ ಬೀದಿಗೆ ಬಂದಾಗ ಕತೆ ಬೇರೆಯಾಯಿತು. "ಆ ಮೂತಿ ಇಟ್ಕೊಂಡು ನಮ್ಮ ಸಾಲಿಗಾ?" ಎಂದರು ಅರವತ್ತೇಳರವರು. "ಆ ಬಾಗಿಲು ಇಟ್ಕೊಂಡಾ?" ಎಂದರು ಅರವತ್ತೆಂಟರವರು. ಅರವತ್ತೊಂಬತ್ತರವರು ಕೈಯಲ್ಲೇ ಮುಂದೆ ಹೋಗು ಎಂದರು. ಬೀದಿಯನ್ನು ಎರಡು ಸುತ್ತು ಹಾಕುವಷ್ಟರಲ್ಲಿ ವೆಂಡೆಲ್‌ಗೆ ಅಳುವೇ ಬಂತು.

ಗಸ್‌ಗೆ ಕನಿಕರ ಹುಟ್ಟಿತು. "ಅಷ್ಟಕ್ಕೆಲ್ಲ ಯಾಕಯ್ಯ? ಮೂತಿ ಬಿಚ್ಚಿ ವರ್ನಾಗೆ ಕೊಡು, ಹಿಂದಿನ ದೀಪ, ಬಂಪರ್ ಲೈಲ್‌ಗೆ ಕೊಡು. ಉಳಿಯೋದು ಅಪ್ಪಟ ಅರವತ್ತೇಳು. ನಮ್ಮ ಸಾಲಿಗೆ ಬಂದ್ಬಿಡು."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ವರ್ನಾ, ಲೈಲ್ ಇಬ್ಬರೂ ಜನ್ಮದಲ್ಲಿ ಮೊದಲ ಬಾರಿಗೆ ಗಸ್‌ನ ಮಾತಿಗೆ ತಲೆಯಾಡಿಸಿದರು. ಯಾಕೆ ಎಂಬ ಕುತೂಹಲ ವೆಂಡೆಲ್‌ಗೆ ಅದೊಂದು ಗಳಿಗೆ ಮಾತ್ರ ಹುಟ್ಟಲಿಲ್ಲ. ಸ್ಪಾನರ್ ಇಲ್ಲದ ಡಿಕ್ಕಿ ಆ ಬೀದಿಯಲ್ಲಿರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಎಲ್ಲ ಬಿಚ್ಚಿಯಾಗಿತ್ತು.

ವೆಂಡೆಲ್ ಬೇಕರಿ ಮುಂದೆ ಹೋಗಿ ಕುರ್ಚಿ ಬಿಡಿಸಿದ.

"ಇರು ಇರು," ಎಂದ ಗಸ್. "ಮೂತಿಯಿಲ್ಲದ ಕಾರನ್ನ ಸಾಲಲ್ಲಿ ಹೆಂಗಯ್ಯ ನಿಲ್ಲಿಸೋದು? ನಾಲ್ಕು ಜನ ನಗಲ್ವಾ? ಅರವತ್ತೇಳರ ಮೂತಿ ಒಂದು ತಂದು ಹಾಕು, ಆಮೇಲೆ ಕೂತ್ಕೋ."

"ಎಲ್ಲಿ ಸಿಗುತ್ತೆ?"

"ಅದನ್ನ ನನ್ನ ಕೇಳ್ತೀಯಾ? ಒಂದು ಹೆಚ್ಚಿಗೆ ಇರ್ಲಿ ಅಂತ ನಾನೇ ಹನ್ನೊಂದು ವರ್ಷದಿಂದ ಹುಡುಕ್ತಾ ಇದ್ದೀನಿ ಮಾರಾಯ!"

ಅಷ್ಟರಲ್ಲಿ ಹೊಸದಾಗಿ ಸಿಕ್ಕ ಮೂತಿಯನ್ನು ತನ್ನ ಡಿಕ್ಕಿಗೆ ತುರುಕಲು ಹೆಣಗಿ ಸುಸ್ತಾಗಿದ್ದ ವರ್ನಾ ಸೊಂಟ ಹಿಡಿದುಕೊಂಡು ಬಂದು, ಬಿಡಿಸಿಟ್ಟ ಕುರ್ಚಿಯಲ್ಲಿ ದೊಪ್ಪನೆ ಕೂತಳು. "ಆಹಾ, ಒಳ್ಳೇ ಕುರ್ಚಿ ಕಣಪ್ಪ!"

ಲೈಲ್ ಜೇಬಿನಿಂದ ಹಣ ತೆಗೆದು ವೆಂಡೆಲ್‌ನ ಅಂಗೈಯಲ್ಲಿಟ್ಟ.

"ಹೇಗೂ ನಿಂತೇ ಇದ್ದೀಯಲ್ಲ," ಎಂದ, "ಮೂರು ಕಾಫಿ ತಂದ್ಬಿಡು."